ಕಳೆದರೆ

ಚೀಟಿಯಲ್ಲಿ ಬರೆದಿತ್ತು: ಚಿಕ್ಕಬೋರಯ್ಯ, ಅರವತ್ತೊಂಬತ್ತು.
ಒಳಗೆ ಕರೆದರು.
ಬಾಗಿಲಲ್ಲೇ ಅಪ್ಪನ ಕಾಲು ನೆಲಕ್ಕೆ ಅಂಟಿಕೊಂಡಿತು.
ಡ್ಯೂಟಿ ಮುಗಿಸಿ ನೇರ ಬಂದಿದ್ದೆ,
ಹೆಗಲ ಚೀಲ ತೆಗೆದು ಅದರ ಪಟ್ಟಿಯನ್ನು ಅಡ್ಡ ಹಾಸಿದೆ.
ದಾಟಿ ಬಂದರು, ಗದ್ದೆಯ ಕಾಲುವೆ ದಾಟಿದ ಹಾಗೆ.

ಡಾಕ್ಟರಮ್ಮ ಚಿಕ್ಕವಳು, ನನ್ನ ತಂಗಿಯ ವಯಸ್ಸು.
ಕೈಯ ನಡುಕ ಇವತ್ತು ನೋಡಲಿಲ್ಲ,
ಅದು ಆರು ವರ್ಷದ ನಂಟು.
ಬಿಳಿ ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಅಂದಳು.
ಹನ್ನೆರಡೂ ಅಂಕಿ ಬಲಗಡೆಗೇ ಒತ್ತಿಕೊಂಡು ನಿಂತವು,
ಮಳೆಗೆ ಒಂದೇ ಶೀಟಿನಡಿ ಸೇರಿದ ಜನದ ಹಾಗೆ.
ಎಡಗಡೆ ಪೂರ್ತಿ ಖಾಲಿ.
ನನ್ನ ಬಸ್ಸಾಗಿದ್ದರೆ ಕೂಗುತ್ತಿದ್ದೆ:
ಹಿಂದಕ್ಕೆ ಹೋಗ್ರಿ, ಹಿಂದೆ ಜಾಗ ಅದೆ!

ಆಮೇಲೆ ಕೇಳಿದಳು: ನೂರರಲ್ಲಿ ಏಳು ಕಳೆದರೆ?

ಇಪ್ಪತ್ತೆಂಟು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಕೂತಿದ್ದ ಮನುಷ್ಯನನ್ನು ಕೇಳಿದಳು.
ತುಂಬಿದ ಗಾಡಿ ಇಷ್ಟು, ಖಾಲಿ ಗಾಡಿ ಇಷ್ಟು,
ಕಳೆದರೆ ಕಬ್ಬು.
"ಬರೀ ಕಬ್ನ ಯಾರೂ ತೂಗಕಾಗಲ್ಲ ಮಗ,
ಕಳ್ದು ತಿಳ್ಕೋಬೇಕು" ಅನ್ನುತ್ತಿದ್ದರು,
ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು.
ಅವರ ಚೀಟಿ ಕೈಗೆ ಬಿದ್ದ ರೈತ
ಇನ್ನೊಂದು ಸಲ ಲೆಕ್ಕ ಹಾಕುತ್ತಿರಲಿಲ್ಲ.

ಅಪ್ಪ ಅವಳ ಮುಖ ನೋಡಿದರು.
ಅಪ್ಪನ ಮುಖದಲ್ಲಿ ಏನೂ ಇರಲಿಲ್ಲ.
ಈಗೀಗ ಹಾಗೇ, ನೀರು ನಿಲ್ಲಿಸಿದ ನಾಲೆ.
"ಎಲ್ಲಿ ಕಳ್ದೋಯ್ತವ್ವ?" ಅಂದರು ಮೆಲ್ಲಗೆ.
ಅವಳದೇ ಏನೋ ಬಿದ್ದುಹೋಗಿದೆ ಎಂಬಂತೆ
ಮೇಜಿನಡಿ ಬಗ್ಗಿ ನೋಡಿದರು.

ಅವಳು ಸೊನ್ನೆ ಬರೆದಳು.
ತಪ್ಪಲ್ಲ. ಹೊರಗೆ ಇನ್ನೂ ನಲವತ್ತು ಜನ.

ಬರೀ ಕೈಕಾಲಿನದು ಅಂದುಕೊಂಡಿದ್ದೆವು, ಅಂದೆ.
ಇದೂ ಅದೇ ಕಾಯಿಲೆ, ಅಂದಳು.
ಮರೆಯುವುದಕ್ಕಿಂತ ತಡವಾಗುವುದು ಜಾಸ್ತಿ. ಕಾಯಬೇಕು.
ಎಷ್ಟು ಹೊತ್ತು ಅಂತ ಹೇಳಲಿಲ್ಲ.

ಹೊಳಲು ಸರ್ಕಲ್ಲಿನಲ್ಲಿ ಬಸ್ಸು ಹತ್ತಿದೆವು.
ಅಪ್ಪನಿಗೆ ಟಿಕೆಟ್ಟು ಬೇಡ ಅಂದ ಪುಟ್ಟರಾಜು,
ನಾನೇ ಬಲವಂತವಾಗಿ ಹರಿಸಿಕೊಂಡೆ.
ಕಬ್ಬಿನ ಟ್ರಾಕ್ಟರೊಂದು ಅಡ್ಡ ಸಿಕ್ಕಿ ಬಸ್ಸು ನಿಂತಿತು.
ಕಿಟಕಿಯಿಂದ ಕಾಕಂಬಿಯ ವಾಸನೆ.
ಅಪ್ಪ ಅಂದರು:
"ತೊಂಬತ್ಮೂರು."

ಕೇಳಿ ಒಂದೂವರೆ ಗಂಟೆಯಾಗಿತ್ತು.
ಬಸ್ಸು ತಿರುಗಿಸು ಅನ್ನೋಣ ಅನ್ನಿಸಿತು,
ಹನ್ನೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಸಲ.
ಹೋಗಿ ಆ ಸೊನ್ನೆ ಅಳಿಸಿಕೊಂಡು ಬರಬೇಕಿತ್ತು.

ರಾತ್ರಿ ಹಜಾರದಲ್ಲಿ ಎದ್ದು ಕೂತಿದ್ದರು.
ಹೊರಗೆ ಗಾಡಿಗಳ ಸಾಲು ನಿಂತಿದೆಯಂತೆ.
"ಹನಿಯಂಬಾಡಿ ತಿಮ್ಮೇಗೌಡ ಬೆಳಿಗ್ಗಿಂದ ಕಾಯ್ತಾವ್ನೆ,
ಎತ್ತು ನೊರೆ ಕಾರ್ತಾವೆ, ಬುಡು ಒಳಕ್ಕೆ."
ತಿಮ್ಮೇಗೌಡ ಹೋಗಿ ಒಂಬತ್ತು ವರ್ಷ,
ತಿಥಿಗೆ ನಾವೇ ಹೋಗಿದ್ದೆವು.
ಮೊದಮೊದಲು ಹೇಳುತ್ತಿದ್ದೆ, ಯಾರೂ ಇಲ್ಲ ಕನಪ್ಪ ಅಂತ.
ಹಾಗಂದಾಗೆಲ್ಲ ಕೈ ಇನ್ನೂ ಜೋರಾಗಿ ನಡುಗುತ್ತಿತ್ತು.
ಈಗ ಎದ್ದು ಚಿಲಕ ತೆಗೆಯುತ್ತೇನೆ.
ಬೀದಿ ದೀಪ. ಮೈ ಕೊಡವುವ ನಾಯಿ.
ಗಾಡಿಗಳಿಗೆ ದಾರಿ ಬಿಟ್ಟು
ಗೋಡೆಗೆ ಒರಗಿ ನಿಲ್ಲುತ್ತೇನೆ.

"ಎಂಬತ್ತಾರು" ಅಂದರು ಬೆನ್ನ ಹಿಂದಿನಿಂದ.
ಡಾಕ್ಟರಮ್ಮನಿಗೋ, ತಿಮ್ಮೇಗೌಡನಿಗೋ.

ಟಿಕೆಟ್ ರೋಲಿನ ತುಂಡಿನ ಹಿಂದೆ ಬರೆದಿಟ್ಟಿದ್ದೇನೆ, ಗಂಟೆ ಸಮೇತ.
ಎಪ್ಪತ್ತೊಂಬತ್ತು ಇನ್ನೂ ಬಂದಿಲ್ಲ,
ಭಾನುವಾರ ಕಳೆಯಿತು, ಸೋಮವಾರ ಕಳೆಯಿತು.

ಇವತ್ತು ಎಂಟರ ಮಾತ್ರೆ ಕೊಡುವಾಗ
ಲೋಟ ಎರಡೂ ಕೈಯಲ್ಲಿ ಹಿಡಿದು ಕೇಳಿದರು:
"ಆ ಹುಡ್ಗೀದು ಏನೋ ಕಳ್ದೋಗಿತ್ತಲ್ಲ ಮಗ,
ಸಿಕ್ತಾ?"

ಹುಡುಕ್ತಾವ್ರೆ ಕನಪ್ಪ, ಅಂದೆ.